ಹಂದಿ ಶೆಡ್‌ಗೆ ರಬ್ಬರ್ ಮ್ಯಾಟ್: ಕುಂಟು ಎಷ್ಟು ತಪ್ಪುತ್ತದೆ?

ಒರಟು ಅಥವಾ ಜಾರುವ ಕಾಂಕ್ರೀಟ್ ಮೇಲೆ ನಿಲ್ಲುವ ತಾಯಿ ಹಂದಿಗಳಿಗೆ ಈ ಮ್ಯಾಟ್ ನಿಜವಾಗಿಯೂ ಒಳ್ಳೆಯದು. ಏಳುವಾಗ ಹಿಂಗಾಲು ಜಾರುವುದು ಕಡಿಮೆ, ಹಿಂಗಾಲಿನ ಕೀಲಿನ ಬಳಿ ಊತ ಕಟ್ಟುವುದೂ ಕಡಿಮೆ. ಗೊರಸು ಸೀಳಿದ ಹಂದಿಗೆ ನಿಲ್ಲಲು ನೋವು ಇಳಿಯುತ್ತದೆ.

ತೊಂದರೆ ಇರುವುದು ಅಂಚಿನಲ್ಲಿ. ಹಂದಿ ಮೂತಿಯಿಂದ ಎತ್ತಿ ಕಚ್ಚಿ ಹರಿಯುತ್ತದೆ. ಆದ್ದರಿಂದ ನಾಲ್ಕೂ ಬದಿಗೆ ಸ್ಟೀಲ್ ಪಟ್ಟಿ ಇಟ್ಟು ಬೋಲ್ಟ್ ಬಿಗಿಯಲೇಬೇಕು, ಬೋಲ್ಟ್ ತಲೆ ಮೇಲೆ ಚಾಚಿರಬಾರದು. ನೆಲಕ್ಕೆ ಇಳಿಜಾರು ಇಲ್ಲದಿದ್ದರೆ ಅಡಿಯಲ್ಲಿ ಮೂತ್ರ ನಿಲ್ಲುತ್ತದೆ. ಒದ್ದೆಯಲ್ಲಿ ಗೊರಸು ಮೆತ್ತಗಾಗಿ ಬಿರುಕಿನಿಂದ ಸೋಂಕು ಒಳಗೆ ಹೋಗುತ್ತದೆ, ಕೊನೆಗೆ ಕೀಲಿಗೂ ತಲುಪಬಹುದು. ಮೆತ್ತನೆ ನೆಲದಲ್ಲಿ ಗೊರಸು ಸವೆಯುವುದೂ ಕಡಿಮೆ. ಬೆಳೆದದ್ದನ್ನು ನೋಡಿ ಕತ್ತರಿಸಬೇಕು.

ಮಾರುವವರು ಏನೇ ಹೇಳಲಿ, ಇದು ಎಲ್ಲ ಕುಂಟಿಗೂ ಮದ್ದಲ್ಲ. ವೇಗವಾಗಿ ಬೆಳೆಯುವ ಹಂದಿಯಲ್ಲಿ ಕೀಲಿನ ಮೃದ್ವಸ್ಥಿ ಸರಿಯಾಗಿ ಮೂಳೆಯಾಗದೆ ಬರುವ ಆಸ್ಟಿಯೋಕಾಂಡ್ರೋಸಿಸ್, ಮೈಕೋಪ್ಲಾಸ್ಮಾ ಅಥವಾ ಎರಿಸಿಪೆಲಸ್ ಎಂಬ ಬ್ಯಾಕ್ಟೀರಿಯಾ ಸೋಂಕಿನಿಂದ ಬರುವ ಕೀಲೂತ, ಕ್ಯಾಲ್ಸಿಯಂ-ರಂಜಕ-ವಿಟಮಿನ್ ಡಿ ಏರುಪೇರಿನಿಂದ ಮೂಳೆ ದುರ್ಬಲವಾಗುವುದು: ಇವಕ್ಕೆ ಮ್ಯಾಟ್ ಉತ್ತರವಲ್ಲ. ಕೀಲು ಬಿಸಿಯಾಗಿ ಊದಿದ್ದರೆ, ಜ್ವರ ಇದ್ದರೆ, ಮೊದಲು ಪಶುವೈದ್ಯರನ್ನು ಕರೆಯಿರಿ. ಹಾಲೂಡುವ ತಾಯಿ ದಿಢೀರನೆ ಹಿಂಗಾಲು ಎತ್ತದೆ ಕುಳಿತರೆ ಮೂಳೆ ಮುರಿದಿರಬಹುದು, ಎಳೆದಾಡಬೇಡಿ.

ಕೊಳ್ಳುವುದಾದರೆ ಇಡೀ ಶೆಡ್‌ಗೆ ಬೇಡ. ಮಲಗುವ ಜಾಗಕ್ಕೂ ಕುಂಟುವ ಹಂದಿಗಳ ಪ್ರತ್ಯೇಕ ಕೋಣೆಗೂ ಸಾಕು.