ಇನ್‌ವಿನ್ಸಿಬಲ್: ಯಾವ ಸಂಪುಟ ಕೊಳ್ಳುವುದು?

2003ರಿಂದ 2018ರವರೆಗೆ 144 ಸಂಚಿಕೆಗಳಲ್ಲಿ ಬಂದ ‘ಇನ್‌ವಿನ್ಸಿಬಲ್’ ಕಾಮಿಕ್ಸ್‌ನ ಇಡೀ ಕಥೆ ಮೂರು ಕಂಪೆಂಡಿಯಂಗಳಲ್ಲಿ, ಅಂದರೆ ಹತ್ತಾರು ಸಂಚಿಕೆಗಳನ್ನು ಒಟ್ಟಿಗೆ ಕಟ್ಟಿದ ದಪ್ಪ ಸಂಪುಟಗಳಲ್ಲಿ, ಮುಗಿಯುತ್ತದೆ. ಸಂಚಿಕೆಯ ಲೆಕ್ಕದಲ್ಲಿ ಸಾಮಾನ್ಯವಾಗಿ ಇದೇ ಅಗ್ಗ. ಆದರೆ ಒಂದೊಂದೂ ಸಾವಿರ ಪುಟ ದಾಟಿದ ಇಟ್ಟಿಗೆ. ಮಲಗಿ ಓದುವವರ ಎದೆಗೆ ಭಾರ.

ಹನ್ನೆರಡು ಗಟ್ಟಿರಟ್ಟಿನ ಸಂಪುಟಗಳಲ್ಲಿ ಪುಟ ದೊಡ್ಡದು, ಕರಡು ಚಿತ್ರಗಳೂ ಉಂಟು. ರಯಾನ್ ಓಟ್ಲಿ ಬಿಡಿಸಿದ ಹೊಡೆದಾಟಗಳಿಗೆ ನ್ಯಾಯ ಸಿಗುವುದು ಇಲ್ಲಿಯೇ, ಜೇಬು ಒಪ್ಪಬೇಕಷ್ಟೆ. ತೆಳು ಸಂಪುಟಗಳು 25. ಬಸ್ಸಿನಲ್ಲಿ ಹಿಡಿದು ಓದಲು ಹಗುರ. (ಅವುಗಳಲ್ಲಿ ಹಲವಕ್ಕೆ ಅಮೆರಿಕದ ಹಾಸ್ಯ ಧಾರಾವಾಹಿಗಳ ಹೆಸರಿಟ್ಟಿರುವುದು ಒಂದು ತಮಾಷೆ.)

ರುಚಿ ನೋಡಲೆಂದು ಮೊದಲ ತೆಳು ಸಂಪುಟವೊಂದನ್ನೇ ಕೊಳ್ಳಬೇಡಿ. ಅದರಲ್ಲಿರುವುದು ನಾಲ್ಕೇ ಸಂಚಿಕೆ. ಕಥಾನಾಯಕನ ಅಪ್ಪನ ಗುಟ್ಟು ಅಷ್ಟರಲ್ಲಿ ಹೊರಬೀಳುವುದಿಲ್ಲ. ನನ್ನ ಮತ ಮೊದಲ ಕಂಪೆಂಡಿಯಂಗೆ.