ಸಿಟ್ಟಿನಲ್ಲಿ ಕೊಂಡ ವಾಲ್ವ್: ಡ್ರೈಸೂಟಿನ ಎಡತೋಳು ಮತ್ತು ನಾನು

ಡ್ರೈಸೂಟ್, ಅಂದರೆ ತಣ್ಣೀರಿನಲ್ಲಿ ಡೈವ್ ಮಾಡುವಾಗ ಮೈ ಒಣಗಿರಲೆಂದು ತೊಡುವ, ನೀರು ನುಗ್ಗದ ಸೂಟ್, ಹಾಕಲು ಶುರುಮಾಡಿ 4 ವರ್ಷವಾಯಿತು. ಇಷ್ಟರಲ್ಲಿ ಎರಡು ಎಕ್ಸಾಸ್ಟ್ ವಾಲ್ವ್ (ಸೂಟಿನೊಳಗಿನ ಗಾಳಿಯನ್ನು ಹೊರಬಿಡುವ, ಎಡತೋಳಿನ ಮೇಲಿರುವ ವಾಲ್ವ್) ಬಳಸಿದ್ದೇನೆ. ಮೊದಲನೆಯದು ಸೂಟಿನ ಜೊತೆಗೇ ಬಂದದ್ದು, ಎರಡನೆಯದು ಸಿಟ್ಟಿನಲ್ಲಿ ಕೊಂಡದ್ದು. ಬರೆಯಲು ಕೂತದ್ದು ಎರಡನೆಯದರ ಬಗ್ಗೆ. ಆದರೆ ಮೊದಲನೆಯದರ ಕ್ಷಮೆ ಕೇಳುವುದು ಬಾಕಿ ಇದೆ.

ಸಿಟ್ಟಿಗೆ ಕಾರಣ ಎಡತೋಳು. ಡೈವ್ ಮುಗಿಸಿ ಸೂಟ್ ಕಳಚಿದರೆ ಮೈಯೆಲ್ಲ ಒಣ, ವಾಲ್ವ್ ಇರುವ ಜಾಗದಲ್ಲಿ ಮಾತ್ರ ಅಂಗೈ ಅಗಲ ಒದ್ದೆ. 6 ಡಿಗ್ರಿ ನೀರಿನಲ್ಲಿ 40 ನಿಮಿಷ ಕಳೆದವರಿಗೆ ಅಂಗೈ ಅಗಲ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಮೊದಲು ಮಣಿಕಟ್ಟಿನ ಸೀಲ್, ಅಂದರೆ ನೀರು ನುಗ್ಗದಂತೆ ಬಿಗಿಯಾಗಿ ಕೂರುವ ತೋಳಿನ ತುದಿಯ ಮೇಲೆ ಅನುಮಾನ ಬಂತು. ಏನನ್ನಾದರೂ ಬಿಗಿಯಾಗಿ ಹಿಡಿದಾಗ ಮಣಿಕಟ್ಟಿನ ಸ್ನಾಯುರಜ್ಜುಗಳು ಎದ್ದು, ಸೀಲಿನ ಅಡಿಯಲ್ಲಿ ಸಂದು ಬಿಡುತ್ತವೆ. ಆದರೆ ಹಾಗೆ ನುಗ್ಗಿದ ನೀರು ಮೊದಲು ಮುಂಗೈಯನ್ನೇ ನೆನೆಸಬೇಕು, ಅಲ್ವಾ? ನನ್ನ ಮುಂಗೈ ಒಣಗಿತ್ತು. ಸರಿ, ತಪ್ಪು ವಾಲ್ವಿನದೇ ಅಂತ ತೀರ್ಪು ಕೊಟ್ಟುಬಿಟ್ಟೆ.

ಹೊಸದನ್ನು ಹುಡುಕುವಾಗ ಮುಖ್ಯವಾಗಿ ನೋಡಿದ್ದು ಒಂದೇ: ದಪ್ಪ ಗ್ಲೌಸ್ ಹಾಕಿಕೊಂಡು ತಿರುಗಿಸಲು ಆಗುತ್ತದಾ? ತೀರಾ ಚಪ್ಪಟೆ ಮಾದರಿ ಪಟ್ಟಿಗಳಿಗೆ ಸಿಕ್ಕಿಕೊಳ್ಳುವುದಿಲ್ಲ, ನಿಜ, ಆದರೆ ಬೆರಳಿಗೂ ಸಿಗುವುದಿಲ್ಲ. ಮಣಿಕಟ್ಟಿಗೆ ಹಾಕುವ ಸಾದಾ ವಾಲ್ವ್ ಅಗ್ಗ. ಕೈ ಎತ್ತಿದರೆ ಸಾಕು, ಗಾಳಿ ಹೋಗುತ್ತದೆ. ನಾನು ಕ್ಯಾಮೆರಾ ಹಿಡಿಯುವವನು, ಬೇಡದಾಗಲೂ ಕೈ ಮೇಲೆ ಇರುತ್ತದೆ. ಹಾಗಾಗಿ ಅದು ಬೇಡವೆಂದೆ. ಕೊನೆಗೆ ಕೊಂಡದ್ದು ಅಂಚಿಗೆ ಆಳವಾದ ಗೀರುಗಳಿರುವ, ತಿರುಗಿಸಿದಾಗ ಕ್ಲಿಕ್ ಎಂದು ಬೆರಳಿಗೆ ತಿಳಿಯುವ ವಾಲ್ವ್.

ನೀರಿನಲ್ಲಿ ಅದು ಸೊಗಸಾಗಿ ಕೆಲಸ ಮಾಡುತ್ತದೆ. ಮೇಲೇರಲು ಶುರುಮಾಡುವ ಮುಂಚೆ ಗಡಿಯಾರದ ಮುಳ್ಳಿನ ಎದುರು ದಿಕ್ಕಿಗೆ ತಿರುಗಿಸಿ ಪೂರ್ತಿ ತೆರೆಯುತ್ತೇನೆ. ವಾಲ್ವೇ ಎಲ್ಲಕ್ಕಿಂತ ಮೇಲೆ ಬರುವ ಹಾಗೆ ಮೊಣಕೈ ಎತ್ತುತ್ತೇನೆ. ಕಿವಿಯ ಪಕ್ಕದಲ್ಲೇ ಬುಳುಬುಳು ಸದ್ದು. 10 ಮೀಟರ್ ಆಳದಲ್ಲಿ ಸೂಟಿನೊಳಗಿದ್ದ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಕೊನೆಯ ಆ ಸ್ವಲ್ಪ ದೂರದಲ್ಲೇ ವಾಲ್ವ್ ಕೈಕೊಟ್ಟರೆ ಕಷ್ಟ. ಮೇಲೆ ಬರುವ ಮುಂಚೆ ಸುರಕ್ಷತೆಗೆಂದು 5 ಮೀಟರಿನಲ್ಲಿ 3 ನಿಮಿಷ ನಿಲ್ಲುವಾಗ ಒಂದು ಸಲವೂ ಇದು ನನ್ನನ್ನು ಮೇಲಕ್ಕೆ ಎಳೆದೊಯ್ದಿಲ್ಲ.

ಮೂರನೇ ತಿಂಗಳು ಎಡತೋಳು ಮತ್ತೆ ಒದ್ದೆ.

ಈ ಸಲ ವಾಲ್ವನ್ನು ಸೂಟಿನಿಂದ ಬಿಚ್ಚಿದೆ. ಒಳಗಿನ ಬಾಯಿಗೆ ತುಟಿಯಿಟ್ಟು ಹೀರಿದೆ. ಗಾಳಿ ಹೊರಕ್ಕೆ ಮಾತ್ರ ಹೋಗಬೇಕು, ಹೀರಿದರೆ ಒಳಗಿನ ತೆಳು ರಬ್ಬರ್ ಪೊರೆ ಗಪ್ಪನೆ ಅಂಟಿಕೊಂಡು ಕೂರಬೇಕು. ಕೂರಲಿಲ್ಲ. ಸಣ್ಣಗೆ ಸುಯ್ ಎಂದು ಗಾಳಿ ಬಂತು. ಟಾರ್ಚ್ ಬಿಟ್ಟು ನೋಡಿದರೆ ಪೊರೆಯ ಅಡಿಯಲ್ಲಿ ಒಂದು ನೀಲಿ ನೂಲು. ಬೆಚ್ಚಗಿರಲೆಂದು ಡ್ರೈಸೂಟಿನ ಒಳಗೆ ಹಾಕುವ ನನ್ನ ಅಂಡರ್‌ಸೂಟಿನ ಬಣ್ಣವೂ ನೀಲಿ.

ಡ್ರಾಯರಿನಲ್ಲಿ ಬಿದ್ದಿದ್ದ ಹಳೆಯ ವಾಲ್ವ್ ತೆಗೆದು ನೋಡಿದೆ. ಅಲ್ಲೂ ಅದೇ ನೀಲಿ ಜುಂಗು, ಜೊತೆಗೆ ಎರಡು ಮರಳ ಕಣ. ಬೆರಳಿನಲ್ಲೇ ಬಿಚ್ಚಿ, ತೊಳೆದು, ಮತ್ತೆ ಹೀರಿದೆ. ಗಪ್ಪನೆ ಅಂಟಿತು. ಪಾಪ, ಅದರ ಮೇಲೆ ಸುಮ್ನೆ ಗೂಬೆ ಕೂರಿಸಿದ್ದೆ.

ಹೊಸದರ ಮೇಲಿನ ನನ್ನ ಪ್ರೀತಿ ಇಳಿದದ್ದು ಇಲ್ಲೇ. ಸೂಟಿನಿಂದ ತೆಗೆಯಬಹುದು, ಆದರೆ ಅದರ ಒಳಭಾಗ ಬಿಚ್ಚಲು ಬೇರೆ ಸಾಧನ ಬೇಕು. ಸರ್ವಿಸಿಗೆ ಕಳಿಸಿ ಅಂತ ತಯಾರಕರ ಸಲಹೆ. ಒಂದು ನೂಲು ತೆಗೆಯಲು ಎರಡು ವಾರ ಸೂಟಿಲ್ಲದೆ ಕೂರಬೇಕಾ? ಚಿಮುಟದಿಂದ ಹೇಗೋ ಎಳೆದೆ. ಪೊರೆ ಹರಿಯಲಿಲ್ಲ, ಅದೃಷ್ಟ.

ಹೊಸಬರು ಕೇಳಿದರೆ ನಾನು ಹೇಳುವುದು ಇಷ್ಟು: ಅಂಗಡಿಯಲ್ಲೇ ಬಿಚ್ಚಿ ತೋರಿಸಲು ಹೇಳಿ. ಬಿಚ್ಚಲು ಬಾರದ ವಾಲ್ವ್ ಎಷ್ಟು ನಯವಾಗಿ ತಿರುಗಿದರೂ ಬೇಡ. ಸೂಟಿನಲ್ಲಿ ಗಾಳಿ ಇಲ್ಲದಾಗ, ಗಾಳಿ ಬಿಡಲೆಂದು ವಾಲ್ವಿನ ಮೇಲಿರುವ ಗುಂಡಿ ಒತ್ತಿದರೆ ಎಂಥ ವಾಲ್ವಾದರೂ ನೀರು ಒಳಗೆ ಬಿಡಬಹುದು, ಅದಕ್ಕೂ ಅಂಗಡಿಯವರನ್ನು ಬೈಯಬೇಡಿ.

ಈಗ ಸೂಟಿನ ಮೇಲೆ ಹಳೆಯದೇ ಇದೆ. ಸಮುದ್ರದಿಂದ ಬಂದ ಮೇಲೆ ಅದನ್ನು ಸಿಹಿನೀರಿನಲ್ಲಿ ನೆನೆಸಿ, ನೀರಿನೊಳಗೇ ಆ ಕಡೆ ಈ ಕಡೆ ತಿರುಗಿಸುತ್ತೇನೆ, ಉಪ್ಪು ಕಟ್ಟದಿರಲಿ ಅಂತ. ಸ್ಪ್ರಿಂಗ್ ಒತ್ತಿಕೊಂಡಿರಬಾರದೆಂದು ಪೂರ್ತಿ ತೆರೆದೇ ಎತ್ತಿಡುತ್ತೇನೆ. ನಿಜವಾಗಿ ಬದಲಿಸಬೇಕಾದದ್ದು ಅಂಡರ್‌ಸೂಟ್. ಬಟ್ಟೆ ಜುಂಗೆದ್ದಿದೆ, ವಾಲ್ವಿನ ಬಾಯಿಗೆ ಒತ್ತಿಕೊಂಡರೆ ಗಾಳಿ ಹೋಗುವ ದಾರಿಯೂ ಕಟ್ಟುತ್ತದೆ. ಆದರೆ ಅದರ ಬೆಲೆ ವಾಲ್ವಿಗಿಂತ ಜಾಸ್ತಿ. ಸದ್ಯಕ್ಕೆ ಎಡತೋಳಿನ ಆ ಜಾಗಕ್ಕೆ ಬಲೆಬಟ್ಟೆಯ ತೇಪೆ ಹಾಕಿದ್ದೇನೆ. ಹೊಲಿಗೆ ಸೊಟ್ಟಗಿದೆ.