ಬಾರ್ ಲೈಸೆನ್ಸ್ ‘ಲೀಸ್‌ಗೆ’ ಸಿಗುತ್ತೆ ಅಂದ್ರೆ ದುಡ್ಡು ಕೊಡೋಕೆ ಮುಂಚೆ ಇದನ್ನು ಓದಿ

ಹದಿನೆಂಟು ಲಕ್ಷ ಅಡ್ವಾನ್ಸ್ ಕೊಟ್ಟು ಬಾರ್ ನಡೆಸೋಕೆ ಹೋದವನು ನಾನು. ಇವತ್ತು ಕೈಯಲ್ಲಿರೋದು ಒಂದು ಛಾಪಾ ಕಾಗದ ಅಷ್ಟೇ.

ಕರ್ನಾಟಕದಲ್ಲಿ ಹೊಸ ಸಿಎಲ್-2 (ವೈನ್ ಶಾಪ್), ಸಿಎಲ್-9 (ಬಾರ್ ಅಂಡ್ ರೆಸ್ಟೋರೆಂಟ್) ಸನ್ನದು, ಅಂದ್ರೆ ಲೈಸೆನ್ಸ್, ಕೊಡೋದು 1992ರಲ್ಲೇ ನಿಂತುಹೋಯಿತು. ಹಾಗಾಗಿ ಹಳೇ ಸನ್ನದುಗಳಿಗೆ ಕೋಟಿ ಲೆಕ್ಕದಲ್ಲಿ ಬೆಲೆ. ಕೊಳ್ಳೋ ಶಕ್ತಿ ಇಲ್ಲದ ನನ್ನಂಥವರಿಗೆ ‘ಲೀಸ್’ ಅನ್ನೋ ಬಲೆ. ನನಗೆ ಸಿಕ್ಕ ಸನ್ನದುದಾರರು ವಯಸ್ಸಾದವರು, ಮಾತು ಬೆಣ್ಣೆ. “ಹೆಸರು ಮಾತ್ರ ನಂದು ತಮ್ಮಾ, ಅಂಗಡಿ ನಿಂದೇ” ಅಂದರು. ಹನ್ನೊಂದು ತಿಂಗಳ ಕರಾರು ಆಯಿತು. ಅದರಲ್ಲಿ ‘ಲೀಸ್’ ಅನ್ನೋ ಪದವೇ ಇರಲಿಲ್ಲ, ನನ್ನನ್ನು ‘ಮ್ಯಾನೇಜರ್’ ಅಂತ ಬರೆಸಿದ್ದರು. ಆಗಲೇ ಅನುಮಾನ ಬರಬೇಕಿತ್ತು. ಹದಿನೆಂಟು ಲಕ್ಷ ಕೊಟ್ಟು ಯಾರಾದರೂ ಮ್ಯಾನೇಜರ್ ಕೆಲಸಕ್ಕೆ ಸೇರ್ತಾರಾ?

ವ್ಯಾಪಾರವೇನೋ ಚೆನ್ನಾಗಿತ್ತು. ಆದರೆ ನಮ್ಮ ರಾಜ್ಯದಲ್ಲಿ ಬಾರಿನವರು ಎಲ್ಲೆಂದರಲ್ಲಿ ಸರಕು ಎತ್ತೋ ಹಾಗಿಲ್ಲ. 2003ರಿಂದ ಸಗಟು ಮಾರಾಟವೆಲ್ಲ ಸರ್ಕಾರಿ ಪಾನೀಯ ನಿಗಮದ್ದೇ. ನಿಗಮದ ಡಿಪೋಗೆ ಇಂಡೆಂಟ್ (ಸರಕಿನ ಬೇಡಿಕೆ) ಹೋಗೋದು ಸನ್ನದುದಾರರ ಹೆಸರಲ್ಲಿ, ಬಿಲ್ ಬರೋದೂ ಅವರ ಹೆಸರಲ್ಲಿ. ದುಡ್ಡು ನಂದು, ಕಾಗದದ ಪ್ರಕಾರ ಒಂದು ಬಾಟಲಿಯೂ ನಂದಲ್ಲ.

ಅಬಕಾರಿ ವರ್ಷ ಮುಗಿಯೋದು ಜೂನ್ 30ಕ್ಕೆ. ಆ ತಿಂಗಳು ಹಿರಿಯರ ಬೆಣ್ಣೆ ಕರಗಿತು. ನವೀಕರಣದ ಅರ್ಜಿಗೆ ಸಹಿ ಬೇಕಾದರೆ ಇನ್ನೂ ಆರು ಲಕ್ಷ ಅಂದರು. ನಾನು ಒಪ್ಪಲಿಲ್ಲ. ಮೂರನೇ ದಿನ ಶಟರಿಗೆ ಬೇರೆ ಬೀಗ ಬಿದ್ದಿತ್ತು. ಒಳಗೆ ನಾಲ್ಕು ಲಕ್ಷದ ಸರಕು, ನಾನು ಹಾಕಿಸಿದ ಫ್ರಿಜ್‌ಗಳು, ಕುರ್ಚಿ ಮೇಜು ಎಲ್ಲಾ ಇತ್ತು.

ವಕೀಲರ ಹತ್ತಿರ ಓಡಿದೆ. ಇಲಾಖೆಯ ಒಪ್ಪಿಗೆ ಇಲ್ಲದೆ ಸನ್ನದನ್ನು ಇನ್ನೊಬ್ಬರಿಗೆ ವಹಿಸೋದೇ ನಿಯಮಕ್ಕೆ ವಿರುದ್ಧ, 1872ರ ಕರಾರು ಕಾಯ್ದೆಯ 23ನೇ ಕಲಂ ಪ್ರಕಾರ ಕಾನೂನುಬಾಹಿರ ಉದ್ದೇಶದ ಕರಾರಿಗೆ ಬೆಲೆಯೇ ಇಲ್ಲ ಅಂದರು.

ನೀವು ಈ ವ್ಯವಹಾರಕ್ಕೆ ಇಳಿಯೋದಿದ್ದರೆ ಮೊದಲು ಜಿಲ್ಲೆಯ ಅಬಕಾರಿ ಉಪ ಆಯುಕ್ತರ ಕಚೇರಿಗೆ ಹೋಗಿ, ಸನ್ನದು ಯಾರ ಹೆಸರಲ್ಲಿದೆ, ಬಾಕಿ ಇದೆಯಾ, ಕೇಸಿದೆಯಾ ವಿಚಾರಿಸಿ. ಕೊಳ್ಳೋದಾದರೆ ಶುಲ್ಕ ಕಟ್ಟಿ ಇಲಾಖೆಯಲ್ಲೇ ವರ್ಗಾವಣೆ ಮಾಡಿಸಿಕೊಳ್ಳಿ. “ಪಾರ್ಟ್ನರ್ ಮಾಡ್ಕೋತೀನಿ” ಅಂದರೆ ನಿಮ್ಮ ಹೆಸರು ಸನ್ನದಿನಲ್ಲಿ ಏರೋವರೆಗೂ ರೂಪಾಯಿ ಬಿಚ್ಚಬೇಡಿ. “ಎಲ್ಲರೂ ಹೀಗೇ ನಡೆಸ್ತಾರೆ” ಅಂತಾರೆ. ನಿಜ, ತುಂಬಾ ಜನ ನಡೆಸ್ತಾರೆ, ಜಗಳ ಆಗೋವರೆಗೆ.

ಕೇಸು ಹಾಕೋಣ ಸಾರ್ ಅಂತ ನಾನು ಹಟ ಹಿಡಿದಾಗ ವಕೀಲರು ಕನ್ನಡಕ ತೆಗೆದಿಟ್ಟು ಕೇಳಿದರು: “ಹಾಕೋಣ. ಆದರೆ ದೂರಿನ ಮೊದಲನೇ ಸಾಲು ಏನು ಬರೀಲಿ? ನನ್ನ ಹೆಸರಲ್ಲಿ ಸನ್ನದಿಲ್ಲದೆ ಹನ್ನೊಂದು ತಿಂಗಳು ಮದ್ಯ ಮಾರಿದೆ ಅಂತಲಾ?”